ಒಡ್ಡಿನ ಮೇಲಿನ ಬಿಳಿ ಹೂವು

ಕುಷ್ಟಗಿಗೆ ಬಂದ ಹೊಸತರಲ್ಲಿ, ನಾನು ಭೂತಗನ್ನಡಿ ಹಿಡಿದು ನೋಡುತ್ತಿದ್ದ ಹೂವನ್ನು ಆಡೊಂದು ಬಂದು ನನ್ನ ಬೆರಳ ಸಂದಿಯಿಂದಲೇ ಎಳೆದು ತಿಂದುಬಿಟ್ಟಿತು. ಆಡಿನ ಒಡತಿ ದೂರದಿಂದಲೇ, "ಇರ್ಲಿ ಬಿಡ್ರಿ, ಅದು ಕಸ" ಎಂದು ನನಗೆ ಸಮಾಧಾನ ಹೇಳಿದಳು.

ನಮ್ಮ ಉಡುಪಿ ಕಡೆ ಕಸವೆಂದರೆ ಗುಡಿಸಿ ಎಸೆಯುವಂಥದ್ದು. ಇಲ್ಲಿ ಬಿತ್ತದೆ ಹುಟ್ಟಿದ್ದೆಲ್ಲ ಕಸ. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಲು ಬಂದ ನಾನು ಯಾರನ್ನು ಆ ಹೂವಿನ ಹೆಸರು ಕೇಳಿದರೂ ಅದೇ ಉತ್ತರ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಕೊತ್ತಂಬರಿಯಂಥ ಎಲೆ, ಕೊಡೆ ಬಿಚ್ಚಿದ ಹಾಗೆ ಹರಡಿದ ಕಡ್ಡಿಗಳು, ತುದಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಹೂ, ಉಜ್ಜಿದರೆ ಓಮದ ಘಾಟು. ಗಜ್ಜರಿಯ, ಅಂದರೆ ನಮ್ಮ ಕ್ಯಾರೆಟ್ಟಿನ, ಕುಟುಂಬದ್ದು. ಅಲ್ಲಿಯವರೆಗೆ ಸುಲಭ. ಆದರೆ ಈ ಕುಟುಂಬದಲ್ಲಿ ಎಲ್ಲರದೂ ಒಂದೇ ಮುಖ. ಗುರುತು ಹಿಡಿಯಲು ಬಲಿತ ಕಾಯಿಯೇ ಬೇಕು. ಅದರ ಮೇಲೆ ರೋಮವಿದೆಯೋ ಇಲ್ಲವೋ ನೋಡಬೇಕು. ಮಳೆಗೆ ಹುಟ್ಟಿ ಚಳಿಗೆ ಸಾಯುವ ಗಿಡ, ತಪ್ಪಿದರೆ ಒಂದು ವರ್ಷ ಹೋಯಿತು.

ಅಷ್ಟು ಹಟ ಯಾಕೆ ಎಂದು ನೀವು ಕೇಳಬಹುದು. ಊರಲ್ಲಿ ಗದ್ದೆಯ ಕಟ್ಟಪುಣಿಯ ಮೇಲೆ ನಡೆದರೆ ಹುಲ್ಲುಕಡ್ಡಿಯೂ ನನ್ನ ಪರಿಚಯದ್ದೇ. ಇಲ್ಲಿ ಕಟ್ಟಪುಣಿಗೆ ಒಡ್ಡು ಎನ್ನುತ್ತಾರೆ, ಅದರ ಮೇಲೆ ನಿಂತರೆ ಕಪ್ಪು ನೆಲ ಕಣ್ಣು ಹರಿಯುವಷ್ಟು ದೂರ. ಕುಚ್ಚಲಕ್ಕಿ ಗಂಜಿಯಿಲ್ಲ, ಮೀನಿಲ್ಲ, ಕಟಕಟ ಕಡಿಯುವ ಸಜ್ಜೆ ರೊಟ್ಟಿಗೆ ಮೊದಲ ತಿಂಗಳು ದವಡೆ ನೋವು. ಸಂಜೆಯಾದರೆ ಅಳು ಬರುತ್ತಿತ್ತು. ಈ ಒಂದು ಗಿಡದ ಹೆಸರು ತಿಳಿದರೆ ಇಲ್ಲಿ ನನಗೂ ಒಬ್ಬರು ಗುರುತಿನವರು ಇದ್ದ ಹಾಗೆ ಎಂದುಕೊಂಡೆ.

ಎರಡನೇ ವರ್ಷ ಕಳೆ ತೆಗೆಯುವ ಹೆಂಗಸರು ಕಿತ್ತರು. ಮೂರನೇ ವರ್ಷ ನನ್ನ ಮನೆಯೊಡತಿ ಶಿವಗಂಗವ್ವನ ಹೊಲದ ಒಡ್ಡಿನಲ್ಲಿ ಒಂದು ಗುಂಪು ಹುಟ್ಟಿತು. ಕೈಮುಗಿದು ಬೇಡಿಕೊಂಡೆ. ಆಕೆ ನಕ್ಕು, ಸುತ್ತ ಜಾಲಿಮುಳ್ಳು ಇಟ್ಟು, ಹಾದವರಿಗೆಲ್ಲ "ಮುಟ್ಟಬ್ಯಾಡ್ರಿ, ಅದು ಮೇಡಮ್ಮಾರ ಕಸ" ಎಂದು ಹೇಳಿ ಕಾಯ್ದಳು. ಅಷ್ಟರಲ್ಲಿ ನನಗೆ ಉಡುಪಿಗೆ ವರ್ಗವಾಯಿತು. ಖುಷಿಯಾಗಿದ್ದೆ, ಆದರೆ ಅದನ್ನು ಆಕೆಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಕಾಯಿ ಇನ್ನೂ ಹಸಿರಿತ್ತು, ಎಳ್ಳಮಾವಾಸ್ಯೆಯ ಹೊತ್ತಿಗೆ ಬಲಿಯುವ ಹಾಗಿತ್ತು.

ಎಳ್ಳಮಾವಾಸ್ಯೆಗೆ ಇಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲುವುದೆಂದರೆ, ಮಾಡಿದ ಅಡುಗೆಯನ್ನು ಮೊದಲು ಬೆಳೆಯ ನಡುವೆ ಭೂಮಿತಾಯಿಗೆ ಚೆಲ್ಲಿ ಆಮೇಲೆ ತಾವು ಉಣ್ಣುವುದು. ನನ್ನನ್ನೂ ಕರೆದಿದ್ದರು. ಬಂಡಿಯಿಂದ ಇಳಿದು ನೋಡುತ್ತೇನೆ, ಒಡ್ಡು ಬೋಳಿಸಿದ ತಲೆಯ ಹಾಗೆ ನುಣ್ಣಗಿದೆ. ಮೇಲೆ ಕಂಬಳಿ ಹಾಸಿದೆ.

"ಗಿಡ ಎಲ್ಲಿ?"

"ನೀವು ಕೂಡೋ ಜಾಗಾರಿ, ಮುಳ್ಳು ಚುಚ್ಚಬಾರದಂತ ಮುಂಜಾನೆ ನಾನೇ ಬಂದು ಹಸನ ಮಾಡೀನ್ರಿ" ಎಂದಳು ಶಿವಗಂಗವ್ವ ಹೆಮ್ಮೆಯಿಂದ. ಕಿತ್ತದ್ದೆಲ್ಲ ಎತ್ತಿನ ಹೊಟ್ಟೆ ಸೇರಿತ್ತು.

ನನ್ನ ಪಿತ್ತ ನೆತ್ತಿಗೇರಿತು. ನಾಲ್ಕು ತಿಂಗಳು ಕಾದವಳು, ನನ್ನನ್ನು ಕೂರಿಸಲು ಅದನ್ನೇ ಕೀಳುವುದೇ? ಕೂಗಾಡಿದೆ. ಆಕೆಯ ಮುಖ ಸಣ್ಣದಾಯಿತು.

"ತಪ್ಪಾತ್ರಿ. ಮುಂದಿನ ಮಳಿಗೆ ಮತ್ತ ಬರ್ತೈತಿ ಬಿಡ್ರಿ."

"ಮುಂದಿನ ಮಳೆಗೆ ನಾನಿರುವುದಿಲ್ಲ ಶಿವಗಂಗಕ್ಕ! ನನಗೆ ಊರಿಗೆ ವರ್ಗವಾಗಿದೆ."

ಆಕೆ ನನ್ನ ತಟ್ಟೆಗೆ ಕಡುಬು ಹಾಕಿದಳು, ಎಣ್ಣೆಗಾಯಿ ಹಾಕಿದಳು, ಬೇಡವೆಂದರೂ ಶೇಂಗಾ ಹೋಳಿಗೆ ಇಟ್ಟಳು. ಸಿಟ್ಟಿನಲ್ಲೇ ಉಂಡೆ. ಕೈ ತೊಳೆಯುವಾಗ, ಬರುವ ವರ್ಷ ಕಾಯಿ ಬಲಿತರೆ ಒಂದಿಷ್ಟು ಟಪಾಲಿನಲ್ಲಿ ಕಳಿಸಿಕೊಡು ಎಂದೆ.

"ಕಳಸಂಗಿಲ್ರಿ."

"ಯಾಕೆ?"

"ಕಳಸಿದ್ರ ನೀವು ಬರಂಗಿಲ್ಲ. ಮುಳ್ಳು ಹಚ್ಚಿ ಇಟ್ಟಿರ್ತೀನಿ. ಬೇಕಂದ್ರ ಬಂದು ಹರಕೊಂಡು ಹೋಗ್ರಿ."

ಎಂಥ ಹೆಂಗಸು! ಈಗ ಸಾಮಾನು ಕಟ್ಟುತ್ತ ಇದನ್ನು ಬರೆಯುತ್ತಿದ್ದೇನೆ, ಸಿಟ್ಟು ಇನ್ನೂ ಇಳಿದಿಲ್ಲ. ಅಂತೂ ಊರು ಸೇರಿದೆಯಲ್ಲ ಎಂದು ಊರಲ್ಲಿರುವ ನೀವೆಲ್ಲ ಸಂತೋಷಪಡುತ್ತೀರಿ, ನನಗೂ ಸಂತೋಷವೇ. ಆದರೆ ನಿನ್ನೆ ಬಸ್ ಸ್ಟ್ಯಾಂಡಿಗೆ ಹೋದವಳು, ಉಡುಪಿಗೆ ಹೋಗುವ ಬಸ್ಸಿನ ಹೊತ್ತು ಕೇಳುವ ಮೊದಲೇ ಉಡುಪಿಯಿಂದ ಇಲ್ಲಿಗೆ ಬರುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿಕೊಂಡು ಬಂದೆ.