ಅತ್ತೆಯ ಮೂಗು ಮತ್ತು ಐದು ನಿಮಿಷದ ಗೊಜ್ಜು

ಯಾರಾದರೂ ನನ್ನ ಅಡುಗೆಯನ್ನು ಮೆಚ್ಚಿಕೊಂಡರೆ ನನಗೆ ಈಗೀಗ ಗಾಬರಿಯಾಗುತ್ತದೆ. ಮೊದಲು ಹೀಗಿರಲಿಲ್ಲ, ಮೊದಲು ಯಾರೂ ಮೆಚ್ಚಿಕೊಳ್ಳುತ್ತಲೇ ಇರಲಿಲ್ಲ. ಮದುವೆಯಾಗಿ ಮಳವಳ್ಳಿಯ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಅದರಲ್ಲಿ ಇಪ್ಪತ್ತೈದು ವರ್ಷ ನನ್ನ ಅತ್ತೆ ನನ್ನ ಸಾರಿನಲ್ಲಿ ದಿನಕ್ಕೊಂದು ತಪ್ಪು ಹುಡುಕಿದರು. ಹುಡುಕಿದರು ಎನ್ನುವುದೂ ಸರಿಯಲ್ಲ, ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತವರಿಗೆ ಒಳಗಿನ ಒಗ್ಗರಣೆಯ ಸುದ್ದಿ ತಾನಾಗಿಯೇ ತಲುಪುತ್ತಿತ್ತು. "ಬೆಳ್ಳುಳ್ಳಿ ಸೀಯ್ತಾ ಅದೆ ಕಣಮ್ಮ" ಎನ್ನುತ್ತಿದ್ದರು. ಬಾಣಲೆಯ ಮುಂದೆಯೇ ನಿಂತಿದ್ದ ನನಗೆ ಅದು ಗೊತ್ತಾಗುತ್ತಿದ್ದುದು ಅವರು ಹೇಳಿದ ಮೇಲೆ.

ಕಳೆದ ಮಳೆಗಾಲದ ಕೊನೆಯಲ್ಲಿ ಅತ್ತೆಗೆ ಜ್ವರ ಬಂತು. ಒಂದು ವಾರ ಮಲಗಿ ಎದ್ದರು. ಎದ್ದ ದಿನ ನಾನು ಮಾಡಿದ ಸೊಪ್ಪಿನ ಸಾರು ಉಂಡು, "ಚೆನ್ನಾಗದೆ ಕಣಮ್ಮ" ಎಂದರು. ಅಂದು ನಾನು ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ. ಜ್ವರ ಬಿಟ್ಟವರ ನಾಲಿಗೆ ಅಲ್ಲವೇ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ನಾಲ್ಕು ದಿನವಾಯಿತು, ನಾಲ್ಕು ವಾರವಾಯಿತು. ಏನು ಬಡಿಸಿದರೂ ಚೆನ್ನಾಗದೆ, ಏನು ಬಡಿಸಿದರೂ ಅರ್ಧ ಮುದ್ದೆ ತಟ್ಟೆಯಲ್ಲೇ. ನಮ್ಮವರು ಮದ್ದೂರಿನಿಂದ ಬಿಸಿ ವಡೆ ಕಟ್ಟಿಸಿಕೊಂಡು ಬಂದರು. ಹಳೇ ಎಣ್ಣೆಯಲ್ಲಿ ಕರಿದ ವಡೆಯಾದರೆ ಪೊಟ್ಟಣ ಬಿಚ್ಚುವ ಮೊದಲೇ ಪತ್ತೆ ಹಚ್ಚುತ್ತಿದ್ದ ತಾಯಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಉಳಿದದ್ದನ್ನು ಸದ್ದಿಲ್ಲದೆ ಮಗನ ತಟ್ಟೆಗೆ ಹಾಕಿದರು. ಮಾಂಸ ತಂದರೆ ರಬ್ಬರು ಅಗಿದಂಗದೆ ಎಂದು ಅದನ್ನೂ ಬಿಟ್ಟರು. ರವಿಕೆಯ ತೋಳು ಸಡಿಲವಾಗುತ್ತಾ ಬಂತು.

ನಾನು ಹಲಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನಾಲಿಗೆಗೆ ಗೊತ್ತಾಗುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ಕೆಲವೇ ರುಚಿ, ಮಿಕ್ಕ ರುಚಿಯೆಲ್ಲ ಮೂಗಿನ ಕೆಲಸ ಎಂದು ವರ್ಷ ವರ್ಷವೂ ಮಕ್ಕಳಿಗೆ ಬರೆಸುತ್ತೇನೆ. ಖಾರವೆನ್ನುವುದು ರುಚಿಯೇ ಅಲ್ಲ, ಅದೊಂದು ಬಗೆಯ ನೋವು ಎಂದರೆ ಮಕ್ಕಳು ನಂಬುವುದಿಲ್ಲ. ಇಷ್ಟು ತಿಳಿದವಳಿಗೂ ಮನೆಯಲ್ಲಿ ಒಂದು ಮೂಗು ಕೆಟ್ಟುಹೋದದ್ದು ಗೊತ್ತಾಗಲು ತಿಂಗಳು ಹಿಡಿಯಿತು. ಮಂಡ್ಯದ ಡಾಕ್ಟರು, "ಬರಬಹುದು, ಕಾಯಬೇಕು. ದಿನಕ್ಕೆ ಎರಡು ಸಲ ಲವಂಗ, ನಿಂಬೆಸಿಪ್ಪೆ ಮೂಸಿಸಿ" ಎಂದರು. ಅತ್ತೆ ಎರಡು ದಿನ ಮೂಸಿ, ಮೂರನೆಯ ದಿನ ಲವಂಗವನ್ನು ಬಾಯಿಗೆ ಹಾಕಿಕೊಂಡುಬಿಟ್ಟರು.

"ಇದು ಡಾಕ್ಟ್ರು ಕೈಲಿ ಓಗಾದಲ್ಲ ಬುಡು" ಎಂದರು. "ಇದು ಕಾಶೀದು."

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲಿ ಬಿಟ್ಟು ಬರಬೇಕು ಎನ್ನುವುದು ನಿಮಗೂ ಗೊತ್ತಿರುತ್ತದೆ. ಬಿಡುವಾಗ ನಮ್ಮ ಜನ ತೋರಿಸುವ ಜಾಣತನವೂ ಗೊತ್ತಿರುತ್ತದೆ. ಒಬ್ಬರು ಹಾಗಲಕಾಯಿ ಬಿಡುತ್ತಾರೆ, ಇನ್ನೊಬ್ಬರು ಊರಲ್ಲಿ ಸಿಗದ ಹಣ್ಣು ಬಿಡುತ್ತಾರೆ. ಜ್ವರಕ್ಕೆ ಆರು ತಿಂಗಳ ಹಿಂದೆ ಯಾತ್ರೆಯ ಬಸ್ಸಿನಲ್ಲಿ ಹೋಗಿದ್ದ ಅತ್ತೆ ಮಾತ್ರ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಬಂದರು. ಬಸ್ಸಿನ ಹೆಂಗಸರೆಲ್ಲ ಕೈಮುಗಿದರಂತೆ. ಬೀದಿಯಲ್ಲಿ ಅವರ ವೈರಾಗ್ಯದ ಸುದ್ದಿ ಒಂದು ವಾರ ಓಡಾಡಿತು. ಹಾಲಿನ ವಾಸನೆ ಕಂಡರೆ ಅವರಿಗೆ ಹುಟ್ಟಿದಾಗಿನಿಂದ ಆಗದು ಎನ್ನುವುದು ನನಗೆ, ನಮ್ಮವರಿಗೆ ಬಿಟ್ಟರೆ ಹೊರಗಿನವರಿಗೆ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ.

"ಬ್ಯಾಡುದ್ದ ಬುಟ್ಬುಟ್ಟು ಇಷ್ಟುದ್ದು ಅಂತ ಯೋಳ್ದೆ. ಕಾಶೀಲಿರೋ ದೇವ್ರಿಗೆ ಗೊತ್ತಾಗ್ದೆ ಇದ್ದದಾ? ಇಷ್ಟುದ್ದೆಲ್ಲಾನೂ ಅವ್ನೇ ತಗಂಡ" ಎಂದು ಅತ್ತೆ ಗೋಡೆ ನೋಡುತ್ತಾ ಹೇಳಿದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಗ ನನಗೆ ಭಯವಾಯಿತು. ಮೂಗು ಕೆಟ್ಟವರು ಊಟವನ್ನು ಹೇಗೋ ಗಂಟಲಿಗಿಳಿಸಬಹುದು. ಇದು ತನಗೆ ಬಿದ್ದ ಶಿಕ್ಷೆ ಎಂದು ನಂಬಿದವರು ತುತ್ತನ್ನು ಮುಟ್ಟುವುದೇ ಇಲ್ಲ.

ಈ ಸಂಕಟವನ್ನು ಹಲಗೂರಿನಿಂದ ಮಳವಳ್ಳಿಗೆ ಬರುವ ಬಸ್ಸಿನಲ್ಲಿ, ಜೊತೆಗೆ ನಿಂತಿದ್ದ ನಮ್ಮ ಇಂಗ್ಲಿಷ್ ಮೇಡಂ ಸುಧಾಗೆ ಹೇಳಿಕೊಂಡೆ. ಅವಳು, "ಹಾಲಿಲ್ಲ, ಮಾಂಸ ಇಲ್ಲ ಅಂದ್ರೆ ನಿಮ್ಮತ್ತೆ ವೀಗನ್ ಆದ್ರು ಅಂತ ಅರ್ಥ" ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಐದೇ ನಿಮಿಷದ ಸ್ಮೋಕಿ ವೀಗನ್ ಡಿಪ್. ಗೋಡಂಬಿ ರುಬ್ಬಿ, ಎಂಥದೋ ಕೆಂಪು ಪುಡಿ ಉದುರಿಸಿ, ಕೊನೆಗೆ ಪುಟ್ಟ ಬಾಟಲಿಯಿಂದ ಎರಡು ಹನಿ ಹೊಗೆ ಹಾಕಿದರು. ಹೌದು, ಬಾಟಲಿಯಲ್ಲಿ ಹೊಗೆ. ನನ್ನ ಅವ್ವ, ನನ್ನ ಅತ್ತೆ, ಅವರ ಅತ್ತೆ ಎಲ್ಲರೂ ಕಣ್ಣು ಕೆಂಪಗೆ ಮಾಡಿಕೊಂಡು ಊದುಕೊಳವೆ ಹಿಡಿದು ಬಡಿದಾಡಿದ ಹೊಗೆ. ಅದರಿಂದ ತಪ್ಪಿಸಿಕೊಳ್ಳಲೆಂದೇ ಗ್ಯಾಸು ಬಂತು, ಗೋಡೆಗೆ ಫ್ಯಾನು ಬಂತು. ಈಗ ಅದೇ ಹೊಗೆ ಬಾಟಲಿಯೊಳಗೆ ಕುಳಿತು ವಾಪಸ್ಸು ಬರುತ್ತಿದೆ. ಮನುಷ್ಯರಿಗೆ ಏನನ್ನಾದರೂ ಪೂರ್ತಿ ಬಿಡುವುದಕ್ಕೆ ಬರುವುದಿಲ್ಲ, ಕಾಶಿಗೆ ಹೋದರೂ ಅಷ್ಟೇ.

ಇನ್ನು ಡಿಪ್ಪು. ಅದ್ದಿಕೊಂಡು ತಿನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುದ್ದೆ ಮುರಿ, ಅದ್ದು, ನುಂಗು. ಅಗಿಯುವ ಹಾಗೂ ಇಲ್ಲ. ಮುದ್ದೆಗೆ ತನ್ನದೇ ಎನ್ನುವ ಹೆಚ್ಚಿನ ರುಚಿಯಿಲ್ಲ, ಎಲ್ಲ ಮರ್ಯಾದೆಯೂ ಅದ್ದುವುದರದ್ದೇ. ಮೂಗು ಸತ್ತವರಿಗೆ ಅದು ಬರೀ ಮಣ್ಣುಂಡೆ. ಅತ್ತೆ ಅರ್ಧಕ್ಕೆ ಬಿಡುತ್ತಿದ್ದುದು ಯಾಕೆಂದು ನನಗೆ ಬಸ್ಸಿನಲ್ಲಿ ನಿಂತು ಹೊಳೆಯಿತು. ಹೊಳೆದು ಏನೂ ಪ್ರಯೋಜನವಾಗಲಿಲ್ಲ. ಕಾಲು ನೋಯುತ್ತಿತ್ತು, ಚೀಲದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟಿತ್ತು.

ಆ ಭಾನುವಾರ ಬೆಳಿಗ್ಗೆ ಗ್ಯಾಸು ಖಾಲಿಯಾಯಿತು. ಹಿತ್ತಲಿನ ಹಂಡೆ ಒಲೆಯಲ್ಲಿ ಸ್ನಾನಕ್ಕೆ ನೀರು ಕಾಯುತ್ತಿತ್ತು. ಬೇರೆ ದಾರಿಯಿಲ್ಲದೆ ಎರಡು ಬದನೆಕಾಯಿ, ಎರಡು ಟೊಮೆಟೊ, ನಾಲ್ಕು ಒಣಮೆಣಸಿನಕಾಯಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಎಲ್ಲವನ್ನೂ ಅದರ ಕೆಂಡಕ್ಕೆ ಒಡ್ಡಿದೆ. ಬದನೆಕಾಯಿಯ ಸಿಪ್ಪೆ ಕಪ್ಪಾಗಿ ಸಿಡಿಯುವ ಹೊತ್ತಿಗೆ, ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ ಅತ್ತೆ ಕತ್ತು ತಿರುಗಿಸಿದರು.

"ಏನ್ ಸುಡ್ತಿದ್ದೀಯೆ?"

ಅವರು ಕಣ್ಣಿನಿಂದ ಕಂಡಿರಲಿಲ್ಲ, ಅಷ್ಟು ಮಾತ್ರ ಖಾತ್ರಿ. ಆದರೆ ನನ್ನೊಳಗಿನ ವಿಜ್ಞಾನದ ಮೇಡಂ ಸುಮ್ಮನಿರುವವಳಲ್ಲ. ಹೊಗೆ ಮೂಗನ್ನು ಚುಚ್ಚುತ್ತದೆ, ಮೆಣಸಿನಕಾಯಿಯ ಘಾಟಂತೂ ಮೂಗು ಸತ್ತವರಿಗೂ ತಟ್ಟುತ್ತದೆ, ಅದು ವಾಸನೆ ಬಂದಂತಲ್ಲ ಎಂದಳು. ಸುಟ್ಟದ್ದನ್ನೆಲ್ಲ ಸಿಪ್ಪೆ ಸುಲಿದು ಕೈಯಲ್ಲೇ ಕಿವುಚಿ, ಹುರಿದು ಪುಡಿ ಮಾಡಿದ ಹುಚ್ಚೆಳ್ಳು, ಹುಣಿಸೆಹಣ್ಣು, ಉಪ್ಪು, ಹಸಿ ಈರುಳ್ಳಿ ಬೆರೆಸಿ ಗೊಜ್ಜು ಮಾಡಿದೆ. ಮುದ್ದೆ ಮಾತ್ರ ಪಕ್ಕದ ಮನೆಯ ಗ್ಯಾಸಿನಲ್ಲಾಯಿತು. ಅತ್ತೆ ಪೂರ್ತಿ ಉಂಡರು. ಉಂಡು, "ಚೆನ್ನಾಗದೆ" ಎಂದರು. ಹಾಳು ಮಾತು ಮತ್ತೆ ಬಂತು.

ಆದರೂ ಮುದ್ದೆ ಖಾಲಿಯಾಗಿತ್ತಲ್ಲ. ಅಂದಿನಿಂದ ಶುರುವಾಯಿತು ನನ್ನ ಸಂಜೆಯ ಚಾಕರಿ. ಆರು ಗಂಟೆಗೆ ಬಸ್ಸಿಳಿದು, ಚೀಲ ಬಿಸಾಡಿ, ಸೀರೆ ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ಹೋಗಿ ತೆಂಗಿನ ಮಟ್ಟೆ ಹೊತ್ತಿಸುವುದು. ಮಟ್ಟೆ ಹಸಿಯಾಗಿದ್ದರೆ ಊದುವುದು. ಕೆಂಡವಾಗುವ ತನಕ ಕುಕ್ಕರುಗಾಲಲ್ಲಿ ಕಾಯುವುದು. ವಿಡಿಯೋದವರ ಐದು ನಿಮಿಷ ನನಗೆ ಒಂದು ಗಂಟೆ ಹಿಡಿಯುತ್ತಿತ್ತು. ತಲೆಗೂದಲೆಲ್ಲ ಹೊಗೆ. ಶಾಲೆಯಲ್ಲಿ ಸುಧಾ, "ಮೇಡಂ, ನೀವೇ ಸ್ಮೋಕಿ ಆಗ್ಬಿಟ್ರಿ" ಎಂದಳು. ನಗುವುದಕ್ಕೂ ಸಾಕಾಗಿತ್ತು ನನಗೆ. ದಿನವೂ ತಟ್ಟೆ ಖಾಲಿಯಾಗುತ್ತಿತ್ತು, ದಿನವೂ ಚೆನ್ನಾಗದೆ ಎನ್ನುತ್ತಿದ್ದರು. ಸೊಸೆ ಇಷ್ಟು ಒದ್ದಾಡುತ್ತಾಳಲ್ಲ ಎಂದು ಕರುಣೆಯಿಂದ ಉಣ್ಣುತ್ತಿದ್ದಾರೋ ಏನೋ ಎಂಬ ಅನುಮಾನ ನನಗೆ. ಕರುಣೆ ತೋರಿಸುವ ಅತ್ತೆಯ ಜೊತೆ ಬದುಕಿ ನನಗೆ ಅಭ್ಯಾಸವಿಲ್ಲ.

ಮೂರು ವಾರ ಹೀಗೆ ಎಳೆದೆ. ಆಮೇಲೊಂದು ಗುರುವಾರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಮನೆ ಸೇರಿದಾಗ ಏಳು ದಾಟಿತ್ತು. ಹಿತ್ತಲಿನ ಮಟ್ಟೆಗಳೆಲ್ಲ ಮಧ್ಯಾಹ್ನದ ಮಳೆಗೆ ನೆನೆದಿದ್ದವು. ನಾನು ಅವುಗಳನ್ನು ನೋಡಿದೆ, ಅವು ನನ್ನನ್ನು ನೋಡಿದವು. ಸೀದಾ ಒಳಗೆ ಬಂದು ಗ್ಯಾಸು ಹಚ್ಚಿ, ಉರಿಯ ಮೇಲೆ ಬದನೆಕಾಯಿ ಇಟ್ಟೆ. ಟೊಮೆಟೊ, ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲವೂ ಅಲ್ಲೇ. ಸುಟ್ಟಿದ್ದು ಸುಟ್ಟಿದ್ದೇ, ಕರಿ ಸಿಪ್ಪೆ ಕರಿ ಸಿಪ್ಪೆಯೇ. ಹೇಗೂ ಅವರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ. ಅಂದುಕೊಂಡ ಮೇಲೆ ನಾಚಿಕೆಯಾಯಿತು, ಆದರೂ ಉರಿ ಆರಿಸಲಿಲ್ಲ.

ಅತ್ತೆ ಮುದ್ದೆ ಮುರಿದರು, ಅದ್ದಿದರು, ನುಂಗಿದರು. ಎರಡನೆಯ ತುತ್ತನ್ನು ಬಾಯಿಯ ಹತ್ತಿರ ತಂದು ಅಲ್ಲೇ ನಿಲ್ಲಿಸಿದರು.

"ಇದು ಕೆಂಡದ್ದಲ್ಲ ಕಣಮ್ಮ. ಗ್ಯಾಸ್ನಾಗೆ ಸುಟ್ಟಿದ್ದೀಯ. ಬದ್ನೆಕಾಯಿ ಮ್ಯಾಲ್ಮ್ಯಾಲೆ ಕರ್ರಗಾಗದೆ, ಒಳೀಕೆ ಒಗೇನೇ ಓಗಿಲ್ಲ. ಬೆಳ್ಳುಳ್ಳಿ ಬ್ಯಾರೆ ಅಸಿ ವಾಸ್ನೆ."

ನನ್ನ ಕಣ್ಣಲ್ಲಿ ನೀರು ಬಂತು. ಅದಕ್ಕೆ ಹೊಗೆಯ ನೆಪ ಹೇಳೋಣವೆಂದರೆ ಅಂದು ಮನೆಯಲ್ಲಿ ಹೊಗೆಯೇ ಇರಲಿಲ್ಲ.

"ಸಿಕ್ಕಾಕಂಡೆ ನೋಡು" ಎಂದರು ಅತ್ತೆ. ಆಮೇಲೆ ಅವರಿಗೂ ಅರ್ಥವಾಯಿತು. ಬೆರಳನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದರು, ಇನ್ನೊಮ್ಮೆ ಮೂಸಿದರು.

"ಸುಸ್ತಾಗಿತ್ತು ಅತ್ತೆ, ಮೋಸ ಮಾಡ್ಬುಟ್ಟೆ" ಎಂದೆ. "ಎತ್ತಿಡ್ಲಾ? ಒಲೆ ಹಚ್ಚಿ ಬೇರೆ ಮಾಡ್ತೀನಿ."

"ಸುಮ್ನಿರು. ದಿನಾ ಮಾಡೋಳು ಒಂದಿನ ಮೋಸ ಮಾಡುದ್ರೆ ಯಾರು ಬೇಜಾರ್ ಮಾಡ್ಕಂಡಾರು? ಗೊತ್ತಾಗ್ಲಿ ಅಂತ ಯೋಳ್ದೆ, ಅಷ್ಟೆಯ." ತುತ್ತನ್ನು ಬಾಯಿಗಿಟ್ಟು ನುಂಗಿದರು. ಗೋಡೆ ನೋಡಿದರು, ಕಾಶಿಯ ಮಾತು ಹೇಳಿದ ದಿನ ನೋಡಿದ್ದ ಅದೇ ಗೋಡೆ. "ಕಾಶೀಲಿರೋನೂ ಗೊತ್ತಾಗ್ಲಿ ಅಂತ್ಲೇ ಅಂಗ್ ಮಾಡುದ್ನೋ ಏನೋ" ಎಂದು ತಮಗೆ ತಾವೇ ಹೇಳಿಕೊಂಡು, ಗೊಜ್ಜಿನ ಬಟ್ಟಲನ್ನು ನನ್ನ ಕಡೆ ಚಾಚಿದರು.

"ಇನ್ನೊಂದ್ ಚೂರು ಇಕ್ಕು. ಉಪ್ಪೂ ಕಮ್ಮಿಯಾಗದೆ."