ಐದನೆಯ ಹೆಸರು

ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ಮೊದಲು ಕಣ್ಣಿಗೆ ಬರುವುದು ನಮ್ಮ ಸೆಮಿನಾರ್ ಹಾಲಿನ ನೀಲಿ ಪರದೆಗಳು. ಹೊರಗೆ ರಾಜಾಜಿನಗರದ ಬಿಸಿಲು, ಹಾರ್ನ್ ಗಲಾಟೆ. ಒಳಗೆ ಪರದೆಯಲ್ಲಿ ಸೋಸಿ ಬಂದ ಮಂಕು ಬೆಳಕು, ಊಟವಾದ ಮೇಲಿನ ಮಂಪರು, ಎ.ಸಿ.ಯ ಗುಂಯ್ ಸದ್ದು. ನಮ್ಮ ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದಲ್ಲಿ ವರ್ಷಕ್ಕೊಮ್ಮೆ, ಜರ್ನಲ್‌ಗಳಲ್ಲಿ ಪೇಪರ್ ಪ್ರಕಟಿಸಿದ ಅಧ್ಯಾಪಕರಿಗೆ ಸನ್ಮಾನ ಮಾಡುವ ದಿನ. ನನ್ನ ತಲೆಯ ಮೇಲೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಲ್ಲಿ ಗಂಧದ ಹಾರ. ಪೇಟ ದೊಡ್ಡದಾಗಿ ಹುಬ್ಬಿನ ಮೇಲೆ ಜಾರಿ ಕೂತಿತ್ತು. ಪಿ.ಜಿ. ವಿದ್ಯಾರ್ಥಿಗಳಿಗೆ ಬೈದು ಬೈದೇ ಹೆಸರು ಮಾಡಿದವಳು ನಾನು. ಅವತ್ತು ಮಾತ್ರ ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿದ್ದೆ. ನಾಚಿಕೆಯಿಂದಲ್ಲ ಮಾರಾಯರೇ, ಭಯದಿಂದ.

ಭಯ ಯಾರದ್ದೆಂದರೆ, ಲ್ಯಾಪ್‌ಟಾಪ್ ಪಕ್ಕ ನಿಂತು ಒಂದೊಂದೇ ಸ್ಲೈಡ್ ಬದಲಿಸುತ್ತಿದ್ದ ಸಹಾಯಕ ಪ್ರಾಧ್ಯಾಪಕನದ್ದು. ಬಾಗಲಕೋಟೆ ಕಡೆಯಾತ, ನನಗಿಂತ ಹತ್ತು ವರ್ಷ ಚಿಕ್ಕವನು. ಹಿಂದಿನ ವರ್ಷ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಂಗಸೊಬ್ಬಳು ನಮ್ಮ ವಾರ್ಡಿಗೆ ಬಂದಿದ್ದಳು. ಮೂರ್ಛೆ ಹೋಗುತ್ತಿದ್ದಳು, ಡ್ರಿಪ್ ಹಾಕಿದರೆ ಏಳುತ್ತಿದ್ದಳು, ಮನೆಗೆ ಕಳಿಸಿದರೆ ಮತ್ತೆ ಬೀಳುತ್ತಿದ್ದಳು. ಹೃದಯದ ಸುತ್ತ ನೀರು ತುಂಬಿತ್ತು. ನಾನು ಮಾಡಿಸದ ಪರೀಕ್ಷೆಯಿಲ್ಲ, ಆದರೂ ಕಾರಣ ಸಿಗಲಿಲ್ಲ. ಒಂದು ಬೆಳಗಿನ ರೌಂಡ್ಸಿನಲ್ಲಿ ಆತ ಸ್ಟೂಲ್ ಎಳೆದುಕೊಂಡು ಅವಳ ಮಂಚದ ಪಕ್ಕ ಕೂತ. ಅವಳೂ ಆ ಕಡೆಯವಳೇ.

"ಯವ್ವಾ, ಕಡೀ ಹೆರಿಗಿ ಆದಾಗ ಕೂಸಿಗೆ ಹಾಲು ಬಂದಿದ್ದವೇನು?"

"ಇಲ್ರಿ ಸಾಹೇಬ್ರ. ರಕ್ತ ಭಾಳ ಹೋಗಿತ್ರಿ, ಹಾಲು ಬರ್ಲೇ ಇಲ್ಲ. ಆಮ್ಯಾಲೆ ಮುಟ್ಟೂ ಆಗ್ಲಿಲ್ಲ."

ಅಷ್ಟೇ ಮಾತು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿಯೊಂದು ಸೊರಗಿಬಿಡುತ್ತದೆ. ಹಾಲು ನಿಲ್ಲುತ್ತದೆ, ಮುಟ್ಟು ನಿಲ್ಲುತ್ತದೆ, ವರ್ಷಗಳು ಕಳೆದ ಮೇಲೆ ಮೈಯೇ ಕೈಕೊಡುತ್ತದೆ. ಎಂ.ಡಿ. ಓದಿದವರಿಗೆಲ್ಲ ಗೊತ್ತಿರುವ ವಿಷಯ. ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಅದೇ. ಮಾತ್ರೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಅವಳು ಎದ್ದು ಪಕ್ಕದ ಮಂಚದವಳ ಜಡೆ ಹೆಣೆಯುತ್ತಿದ್ದಳು.

ಆ ಕೇಸನ್ನು ನಾನು ಪೇಪರ್ ಮಾಡಿದೆ. ಆಗ ಆತನನ್ನು ಹಳ್ಳಿಯ ಆರೋಗ್ಯ ಕೇಂದ್ರವೊಂದಕ್ಕೆ ಡ್ಯೂಟಿಗೆ ಹಾಕಿದ್ದರು. ಜರ್ನಲ್‌ನವರ ನಿಯಮ ಹೀಗಿತ್ತು: ನಾಲ್ಕು ಹೆಸರಾದರೆ ಸರಿ, ಐದನೆಯದು ಸೇರಿದರೆ ಯಾರು ಯಾರು ಏನೇನು ಮಾಡಿದರೆಂದು ಪ್ರತ್ಯೇಕ ಪತ್ರ ಬರೆಯಬೇಕು. ಮೊದಲ ಹೆಸರು ನನ್ನದು, ಆಮೇಲೆ ಟೈಪ್ ಮಾಡಿದ ಪಿ.ಜಿ.ಯದು, ಸ್ಕ್ಯಾನ್ ಚಿತ್ರ ಕೊಟ್ಟವರದು, ಕೊನೆಗೆ ವಾಡಿಕೆಯಂತೆ ವಿಭಾಗದ ಮುಖ್ಯಸ್ಥರದು. ನಾಲ್ಕು ಭರ್ತಿಯಾಯಿತು. ಕಳಿಸಿ ಕಾಫಿ ಕುಡಿಯಲು ಹೋದೆ. ಆತನ ಬಡ್ತಿಗೆ ಇನ್ನೊಂದೇ ಒಂದು ಪೇಪರ್ ಬೇಕಿತ್ತು, ಅದೂ ನನಗೆ ಗೊತ್ತಿತ್ತು.

ಗ್ರಹಚಾರ ನೋಡಿ, ಸನ್ಮಾನದ ಸ್ಲೈಡುಗಳನ್ನು ಮಾಡುವ ಕೆಲಸ ಆ ಸಲ ಆತನ ಪಾಲಿಗೇ ಬಂತು. ಅದಕ್ಕೂ ಮುಂಚಿನ ಒಂದು ದಿನ ನಾನು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದ್ದೆ, ಆತನ ಫೋನ್ ಬಂತು.

"ಮೇಡಂ, ನಿಮ್ಮ ಒಂದು ಚಲೋ ಫೋಟೋ ಕಳಸ್ರಿ. ಐಡಿ ಕಾರ್ಡಿಂದು ಬ್ಯಾಡ, ಅದ್ರಾಗ ಸಿಟ್ಟಿಗೆದ್ದಂಗ ಕಾಣ್ತೀರಿ."

ನಕ್ಕೆ. ರೈಲು ತಾರಸಿಗಳ ಮಟ್ಟದಲ್ಲಿ ತೇಲುತ್ತಿತ್ತು. ಒಣಹಾಕಿದ ಸೀರೆಗಳು, ನೀರಿನ ಟ್ಯಾಂಕುಗಳು, ತಲೆ ಒರೆಸಿಕೊಳ್ಳುತ್ತಿದ್ದ ಒಬ್ಬಾಕೆ, ಎಲ್ಲ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದವು. ಆತನ ಹೆಸರು ಬಿಟ್ಟದ್ದನ್ನು ಈಗ ಹೇಳಿಬಿಡಲೇ ಅನ್ನಿಸಿತು. ಹೇಳೋಣ, ಹೇಳೋಣ ಅಂದುಕೊಳ್ಳುತ್ತಿರುವಾಗಲೇ ರೈಲು ನೆಲದೊಳಕ್ಕೆ ಇಳಿದು ಮಾತು ಕಟ್ ಆಯಿತು. ನಿಜ ಹೇಳುತ್ತೇನೆ, ಅಬ್ಬ, ಬಚಾವಾದೆ ಅನ್ನಿಸಿತು.

ಸನ್ಮಾನದ ದಿನ ಸೆಮಿನಾರ್ ಹಾಲಿನಲ್ಲಿ ನನ್ನ ಸ್ಲೈಡ್ ಬಂತು. ಪೇಪರಿನ ತಲೆಬರಹ, ಕೆಳಗೆ ನಾಲ್ಕು ಹೆಸರು, ಪಕ್ಕದಲ್ಲಿ ನಗುಮುಖದ ನಾನು. ಸುತ್ತ ತಿಳಿಹಳದಿ ಅಂಚು. ಎಷ್ಟು ಆಸ್ಥೆಯಿಂದ ಮಾಡಿದ್ದ ಪುಣ್ಯಾತ್ಮ! ಸನ್ಮಾನ ಪಡೆದವರು ಪೇಪರಿನ ಕಥೆಯನ್ನು ಎರಡು ನಿಮಿಷ ಹೇಳಬೇಕು, ಅದು ನಮ್ಮಲ್ಲಿಯ ಪದ್ಧತಿ. ಮೈಕ್ ಹಿಡಿದೆ. ನನ್ನ ದನಿ ಪಕ್ಕದ ಮನೆಯ ರೇಡಿಯೋದ ಹಾಗೆ ನನಗೇ ದೂರದಿಂದ ಕೇಳುತ್ತಿತ್ತು. "ವಿಚಾರಿಸಿದಾಗ, ಹೆರಿಗೆಯ ನಂತರ ಹಾಲು ಬಂದಿರಲಿಲ್ಲವೆಂದು ತಿಳಿದುಬಂತು," ಎಂದೆ. ಯಾರು ವಿಚಾರಿಸಿದ್ದೆಂದು ಹೇಳಲಿಲ್ಲ. ಮುಗಿಸಿ ಕೂರಬೇಕು, ಅಷ್ಟರಲ್ಲಿ ಮುಖ್ಯಸ್ಥರು ಮುಂದಿನ ಸಾಲಿನಿಂದ ತಿರುಗಿದರು.

"ಅಲ್ರೀ ಮೇಡಂ, ಅದನ್ನ ಕೇಳ್ಬೇಕು ಅಂತ ನಿಮಗೆ ಹೇಗ್ರೀ ಹೊಳೀತು? ಈ ಪಿ.ಜಿ.ಗಳಿಗೆ ಸ್ವಲ್ಪ ಹೇಳಿ."

ಲ್ಯಾಪ್‌ಟಾಪ್ ಕಡೆ ನೋಡಿದೆ. ಆತ ನನ್ನತ್ತ ನೋಡಲೇ ಇಲ್ಲ, ಕೀಲಿಗಳನ್ನೇ ನೋಡುತ್ತಿದ್ದ. ನೋಡಿದ್ದರೆ ಬಹುಶಃ ಸುಳ್ಳು ಹೇಳುತ್ತಿದ್ದೆನೋ ಏನೋ.

"ನನಗೆ ಹೊಳೀಲಿಲ್ಲ ಸಾರ್," ಎಂದೆ. "ಕೇಳಿದ್ದು ಅವರು. ಲ್ಯಾಪ್‌ಟಾಪ್ ಹತ್ರ ನಿಂತಿದಾರಲ್ಲ, ಅವರು."

ಪಿ.ಜಿ.ಗಳು ಶಿಳ್ಳೆ ಹೊಡೆದರು. ಚಪ್ಪಾಳೆಯೋ ಚಪ್ಪಾಳೆ. ನಾನು ಪೇಟ ತೆಗೆದು ಆತನ ತಲೆಗಿಟ್ಟೆ, ಫೋಟೋ ತೆಗೆದರು. ನನ್ನ ಪಾಪ ಕಳೆಯಿತು ಎಂದುಕೊಂಡು ಹಗುರಾಗಿ ಕೇಸರಿಬಾತ್ ತಟ್ಟೆ ಹಿಡಿದು ಆತನ ಪಕ್ಕ ಹೋಗಿ ನಿಂತೆ.

"ಎಲ್ಲರ ಮುಂದೆ ಹೇಳಿದೀನಪ್ಪಾ. ಸಮಾಧಾನ ಆಯ್ತಾ?"

"ಖುಷಿ ಆತ್ರಿ ಮೇಡಂ," ಎಂದ. ಆಮೇಲೆ ಮೆಲ್ಲಗೆ, "ಆದ್ರ ಚಪ್ಪಾಳಿನ್ನ ಪ್ರಮೋಷನ್ ಫೈಲಿಗೆ ಹಚ್ಚಾಕ ಬರಂಗಿಲ್ಲಲ್ರಿ," ಎಂದ.

ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೇಸರಿಬಾತ್ ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟೆ.

ಮರುದಿನವೇ ಜರ್ನಲ್‌ಗೆ ಬರೆದೆ. ಹೆಸರು ಸೇರಿಸುವ ಫಾರ್ಮ್ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಬಡ್ತಿಯ ಪಟ್ಟಿ ಹೊರಬಿದ್ದಿತ್ತು, ಅದರಲ್ಲಿ ಆತನ ಹೆಸರಿರಲಿಲ್ಲ. ಫಾರ್ಮಿನಲ್ಲಿ ಒಂದು ಕಲಂ ಇತ್ತು: ಮೊದಲು ಹೆಸರು ಬಿಟ್ಟುಹೋದುದಕ್ಕೆ ಕಾರಣ. "ಕಣ್ತಪ್ಪಿನಿಂದ" ಎಂದು ಬರೆದು ಎರಡು ದಿನ ಮೇಜಿನ ಮೇಲಿಟ್ಟುಕೊಂಡೆ. ಎಲ್ಲರೂ ಹಾಗೇ ಬರೆಯುವುದು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಮೂರನೆಯ ದಿನ ಅದನ್ನು ಹರಿದುಹಾಕಿ ಇನ್ನೊಂದು ಪ್ರಿಂಟ್ ತೆಗೆದು ಬರೆದೆ: "ರೋಗವನ್ನು ಗುರುತಿಸಿದ್ದು ನಾನಲ್ಲವೆಂದು ತಿಳಿಯಬಾರದೆಂದು, ಬೇಕೆಂದೇ ಬಿಟ್ಟೆ."

ಆತನ ಸಹಿಯೂ ಬೇಕಿತ್ತು. ಒ.ಪಿ.ಡಿ.ಗೆ ಹೋಗಿ ಕಾಗದ ಮುಂದಿಟ್ಟೆ. ಆ ಸಾಲನ್ನು ಆತ ನಿಧಾನವಾಗಿ ಓದಿದ. ಬೈಯಲಿ ಎಂದು ಕಾಯುತ್ತ ನಿಂತೆ.

"ನನಗ ಗೊತ್ತಿತ್ರಿ ಮೇಡಂ," ಎಂದ. "ಪೇಪರ್ ಬಂದ ದಿನಾನೇ ಗೊತ್ತಾತು."

"ಮತ್ತೆ ಯಾಕ್ರೀ ಒಂದು ಮಾತೂ ಕೇಳ್ಲಿಲ್ಲ?"

"ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ನಿರಿ."

ಸಹಿ ಮಾಡಿ ಕಾಗದ ನನ್ನ ಕೈಗಿತ್ತು, ಮುಂದಿನ ರೋಗಿಯನ್ನು ಕರೆದ. ನಾನು ಕಾರಿಡಾರಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ.