ಬಾನೆಟ್ ತೆಗೆಯದ ಭಕ್ತ

ವಿರೂಪಾಕ್ಷನಿಗೆ ತನ್ನ ಹಳೆಯ ಕಾರಿನ ಮೇಲಿದ್ದ ಭಕ್ತಿ ಆರ್.ಟಿ. ನಗರದ ಆ ಬೀದಿಗೆಲ್ಲ ಗೊತ್ತು. ಅಮಾವಾಸ್ಯೆಗೊಮ್ಮೆ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದ, ಬಾನೆಟ್ಟಿಗೆ ಕುಂಕುಮ ಹಚ್ಚುತ್ತಿದ್ದ. ಆ ಮಹಾಶಯ ಬಾನೆಟ್ ಎತ್ತಿ ಒಳಗೆ ಇಣುಕಿದ್ದನ್ನು ಮಾತ್ರ ಹೆಂಡತಿ ಸ್ಮಿತಾ ಒಮ್ಮೆಯೂ ಕಂಡಿರಲಿಲ್ಲ. ತಿಂಗಳಿಂದ ಸ್ಟೀರಿಂಗ್ ತಿರುಗಿಸಿದಾಗೆಲ್ಲ ಕಾರು ನರಳುತ್ತಿತ್ತು. ಅವಳು ಹೇಳಿದರೆ, "ದೃಷ್ಟಿ ಆಗೇತಿ" ಎಂದು ಇನ್ನೊಂದು ನಿಂಬೆಹಣ್ಣು ಕಟ್ಟಿದ. ಮೊನ್ನೆ ಹೆಬ್ಬಾಳದ ಫ್ಲೈಓವರ್ ತಿರುವಿನಲ್ಲಿ ಸ್ಟೀರಿಂಗ್ ಕಲ್ಲಿನಂತಾಯಿತು. ತಡೆಗೋಡೆಗೆ ಗೇಣು ದೂರದಲ್ಲಿ ಕಾರು ನಿಂತಾಗ, ಎಂಟು ತಿಂಗಳ ಮಗು ಸ್ಮಿತಾಳ ಎದೆಗೆ ಅವುಚಿಕೊಂಡಿತ್ತು.

ಗಂಗಾನಗರದ ಮೆಕ್ಯಾನಿಕ್ ಮುಬಶ್ಶಿರ್ ಸ್ಟೀರಿಂಗಿಗೆ ಹೊಸ ಪಂಪ್ ಕೂರಿಸಿ, ಹಳೆಯದನ್ನು ತಲೆಕೆಳಗೆ ಹಿಡಿದು ತೋರಿಸಿದ. ಒಂದು ಹನಿಯೂ ಬೀಳಲಿಲ್ಲ.

"ಎಣ್ಣೆ ಇಲ್ದೇನೇ ಹಾಳಾಗಿದೆ ಸಾರ್. ಯಾವಾಗ ಹಾಕ್ಸಿದ್ರಿ?"

"ಸ್ಟೀರಿಂಗಿಗೂ ಎಣ್ಣಿ ಹಾಕ್ತಾರೇನು?" ಎಂದ ವಿರೂಪಾಕ್ಷ.

ಮುಬಶ್ಶಿರ್ ಮುಖ ತಿರುಗಿಸಿ ಸ್ಪ್ಯಾನರ್ ಒರೆಸತೊಡಗಿದ. ಸ್ಮಿತಾ ಗಂಡನ ಕೈಯಿಂದ ಕೀ ಕಿತ್ತುಕೊಂಡು ಮಗುವನ್ನು ಅವನ ತೋಳಿಗೆ ಹಾಕಿದಳು.

"ತಡಿಯೇ, ಹೊಸಾ ಪಂಪಿಗೆ ಒಂದು ನಿಂಬಿಹಣ್ಣು..."

"ಹಿಂದೆ ಕೂತ್ಕೊಳ್ರೀ. ಇನ್ಮೇಲೆ ಗಾಡಿ ನಾನೇ ಓಡಿಸ್ತೀನಿ. ಎರಡೂ ಕೈಯಲ್ಲಿ ಮಗು ಹಿಡ್ಕೊಳ್ಳಿ, ನಿಂಬೆಹಣ್ಣು ಬೇಕಾದ್ರೆ ಬಾಯಲ್ಲಿಟ್ಕೊಳ್ಳಿ!"